ಗುಡಾಣದೊಳಗೆ ಗಿಟಾರು

ಮಾನ್ಯ ನಿದ್ದೆ ಮಾಡುತ್ತಿಲ್ಲ!

ಈ ಒಂದೇ ಒಂದು ವಾಕ್ಯ ಅನುಶ್ರೀಯ ತಲೆಯೊಳಗೆ ಹಾಸನದ ಸಿಟಿ ಬಸ್ಸಿನ ಹಾಗೆ ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುತ್ತಿತ್ತು. ಹಾಲು ಕಾಯಿಸುವಾಗ ಅದೇ, ಬಟ್ಟೆ ಒಣಹಾಕುವಾಗ ಅದೇ, ಗಂಡನ ಜೊತೆ ಜಗಳವಾಡುವಾಗಲೂ ನಡುನಡುವೆ ಅದೇ. ಹತ್ತು ತಿಂಗಳ ಕೂಸು ಹಗಲು ಹೊತ್ತು ಕಣ್ಣು ಮುಚ್ಚಿತು ಎಂದು ಗಂಡನಿಗೆ ಸನ್ನೆ ಮಾಡುವಷ್ಟರಲ್ಲಿ ತೆರೆದಿರುತ್ತಿತ್ತು. ಪಕ್ಕದ ಮನೆಯಲ್ಲಿ ಹಪ್ಪಳ ಮುರಿದರೆ ಎಚ್ಚರ. ಮೇಲಿನ ಮನೆಯಲ್ಲಿ ಚಪ್ಪಲಿ ಬಿಟ್ಟರೆ ಎಚ್ಚರ. ಒಮ್ಮೆಯಂತೂ ತೊಟ್ಟಿಲ ಪಕ್ಕ ನಿಂತು ಅನುಶ್ರೀ ಬಿಟ್ಟ ನಿಟ್ಟುಸಿರಿಗೇ ಎಚ್ಚರ!

ಮೈಸೂರಿನಲ್ಲಿ ಓದಿ ಬೆಳೆದ ಅನುಶ್ರೀಯ ಪ್ರಕಾರ ಯಾವ ಕಷ್ಟಕ್ಕೂ ಒಂದು ಕಾರಣ ಇರಲೇಬೇಕು, ಕಾರಣಕ್ಕೊಂದು ಆ್ಯಪ್ ಇರಲೇಬೇಕು. ಕಾರಣ ಸದ್ದು ಎಂದು ತೀರ್ಪು ಕೊಟ್ಟಳು. ಡೆಸಿಬಲ್ಲಿನಲ್ಲಿ ಸದ್ದು ಅಳೆಯುವ ಆ್ಯಪನ್ನು ಮೊಬೈಲಿಗೆ ಇಳಿಸಿಕೊಂಡಳು. ಮಿಕ್ಸಿಯನ್ನು ಅಳೆದಳು, ಕುಕ್ಕರನ್ನು ಅಳೆದಳು, ಗಂಡ ದೇವರಾಜ್ ಸೀನುವುದನ್ನು ಅಳೆದಳು. ಅಂದಿನಿಂದ ಮನೆಯಲ್ಲಿ ತುರ್ತು ಪರಿಸ್ಥಿತಿ ಜಾರಿ! ಕರೆಗಂಟೆಯ ವೈರು ಕಿತ್ತು ಹಾಕಿದ್ದಾಯಿತು. ಕುಕ್ಕರ್ ಅಟ್ಟ ಸೇರಿತು. ಸಿಡಿಯುತ್ತದೆ ಎಂಬ ಅಪರಾಧಕ್ಕೆ ಸಾಸಿವೆಯನ್ನು ಒಗ್ಗರಣೆಯಿಂದ ಗಡಿಪಾರು ಮಾಡಲಾಯಿತು. ಸೀನು ಬಂದರೆ ದೇವರಾಜ್ ಬಾಲ್ಕನಿಗೆ ಓಡಬೇಕು.

ಇಷ್ಟಕ್ಕೇ ನಿಲ್ಲಿಸಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಮೊಮ್ಮಗಳನ್ನು ನೋಡಿಕೊಳ್ಳಲು ಹೊಳೆನರಸೀಪುರದಿಂದ ಬಂದಿದ್ದ ಅತ್ತೆ ಬೆಟ್ಟಮ್ಮನವರು ಒಂದು ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತು ಬೀದಿಯ ಕೊನೆಯಲ್ಲಿದ್ದ ಸೊಪ್ಪಿನವಳನ್ನು ಕೂಗಿದರು. ಅನುಶ್ರೀ ಹಿಂದಿನಿಂದ ಮೊಬೈಲು ಹಿಡಿದೇಬಿಟ್ಟಳು.

"ಅತ್ತೆ, ನೀವು ಎಂಬತ್ನಾಲ್ಕು!"

"ಯಾರೇ ನಂಗೆ ಎಂಬತ್ನಾಕು ಅಂದೋಳು? ಮೊನ್ನೆ ಸಂಕ್ರಾಂತಿಗೆ ಅರವತ್ತೊಂದು ತುಂಬೈತೆ! ನಮ್ಮವ್ವುಂಗೇ ಇನ್ನೂ ಎಂಬತ್ನಾಕಾಗಿಲ್ಲ ಕಣೆ!"

"ವಯಸ್ಸಲ್ಲ ಅತ್ತೆ, ವಾಯ್ಸು. ನಿಮ್ಮ ಗಂಟಲು. ಮಿಕ್ಸಿಗಿಂತ ಎರಡೇ ಕಡಿಮೆ."

ಬೆಟ್ಟಮ್ಮನವರು ಬಾಯಿ ತೆರೆದರು. ಹಾಗೇ ಮುಚ್ಚಿದರು. ಅವರ ಜೀವಮಾನದಲ್ಲಿ ಇಂಥದ್ದು ಹಿಂದೆಂದೂ ನಡೆದಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಬಟ್ಟೆಗಂಟು ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತವರು ಮಗನಿಗೆ ಹೇಳಿದ್ದು ಇಷ್ಟೇ: "ಈ ಗಂಟ್ಲು ಕೇಳ್ಕಂಡೇ ನಿದ್ದೆ ಮಾಡಿ ಬೆಳ್ದೋನು ಕಣ್ಲಾ ನೀನು. ಅಳ್ತೆ ತಗಳಕ್ಕೆ ನಾನೇನು ರವಿಕೆ ಪೀಸಾ? ಓಗ್ ಬತ್ತೀನಿ." ಹೋದವರು ಹೋದವರೇ. ಫೋನೂ ಇಲ್ಲ.

ಅನುಶ್ರೀ ದಿನಾ ಫೋನು ಮಾಡಬೇಕು ಅಂದುಕೊಳ್ಳುತ್ತಾಳೆ. ನಂಬರು ತೆಗೆಯುತ್ತಾಳೆ. ಏನೆಂದು ಮಾತು ಶುರುಮಾಡುವುದು ಎಂದು ಹೊಳೆಯದೆ, ಅದೇ ಮೊಬೈಲಿನಲ್ಲಿ ಫ್ಯಾನಿನ ಸದ್ದು ಅಳೆದು ಕೆಳಗಿಡುತ್ತಾಳೆ. ಅತ್ತೆ ಹೋದ ಮೇಲೆ ಮನೆ ಪರೀಕ್ಷಾ ಕೊಠಡಿಯಷ್ಟು ನಿಶ್ಶಬ್ದವಾಯಿತು. ಮಾನ್ಯಳ ನಿದ್ದೆ? ಇನ್ನೂ ಕೆಟ್ಟಿತು!

ಇಂಥ ಮನೆಯಲ್ಲಿ ಒಂದು ಟ್ಯೂಬ್ ಆಂಪ್ ಬೇರೆ ಇತ್ತು. ತಪಸ್ಸು ಮಾಡುವ ಆಶ್ರಮದಲ್ಲಿ ಆನೆ ಕಟ್ಟಿದ ಹಾಗೆ!

ದೇವರಾಜ್ ಪಾಲಿಟೆಕ್ನಿಕ್ಕಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತಾನೆ. ಭಾನುವಾರ ಬಂತೆಂದರೆ ಗಿಟಾರು. ಅವನ ಗೆಳೆಯ ನಟರಾಜು ಒಂದು ಮರದ ಪೆಟ್ಟಿಗೆಯ ಮೇಲೆ ಕೂತು ಅದನ್ನೇ ಬಡಿದು ತಾಳ ಹಾಕುತ್ತಾನೆ. ಇಬ್ಬರೂ ಸೇರಿ ನಿಶ್ಚಿತಾರ್ಥ, ನಾಮಕರಣ, ಸಣ್ಣ ಹೋಟೆಲು ಎಂದು ನುಡಿಸಿ ಬರುತ್ತಾರೆ. ಗಿಟಾರಿನ ದನಿ ಹೊರಡುವುದು ಆಂಪ್ ಎಂಬ ಪೆಟ್ಟಿಗೆಯಿಂದ. ಸಕಲೇಶಪುರದ ಕಡೆಯ ಯಾವುದೋ ಹಳೆ ಕ್ಲಬ್ಬಿನವರು ಮಾರಿದ್ದು ಅದು. ಅಜ್ಜನ ಕಾಲದ ರೇಡಿಯೊಗಳಲ್ಲಿ ಇರುತ್ತಿದ್ದವಲ್ಲ, ಅಂಥ ಗಾಜಿನ ವಾಲ್ವುಗಳು ಹಿಂದುಗಡೆ ಸಾಲಾಗಿ ಕೆಂಪಗೆ ಉರಿಯುತ್ತವೆ. ಅದರ ಗುಣವೇ ವಿಚಿತ್ರ. ಸಣ್ಣಗೆ ಇಟ್ಟರೆ ನಾದವೇ ಇಲ್ಲ, ನೆನೆದ ಹಪ್ಪಳ! ಗುಂಡಿಯನ್ನು ಆರರತನಕ ತಿರುಗಿಸಿದರೆ ಮಾತ್ರ ವಾಲ್ವುಗಳು ಹುರುಪುಗೊಂಡು ಸ್ವರಕ್ಕೆ ಎಳೆಪಾಕ ಬಂದ ಬೆಲ್ಲದ ಹದ ಬರುತ್ತದೆ. ಆದರೆ ಆರಕ್ಕೆ ಇಟ್ಟಾಗ ಕಿಟಕಿಯ ಗಾಜು, ಶೋಕೇಸಿನ ಲೋಟ, ಎದುರು ಮನೆಯ ನಾಯಿ ಎಲ್ಲವೂ ಜೊತೆಗೆ ಹಾಡುತ್ತವೆ.

"ದೊಡ್ಡ ಮೈದಾನಕ್ಕೆ ಅಂತ ಮಾಡಿರೋದು ಕಣೆ ಇದು."

"ಮತ್ತೆ ನಮ್ಮ ಹಾಲಿಗೆ ಯಾಕ್ರೀ ತಂದ್ರಿ?"

"ನಾದ ಕಣೆ, ನಾದ!"

"ಮಗು ಕಣ್ರೀ, ಮಗು!"

ಹಾಗೆಂದು ಆ ನಾದ ಅನುಶ್ರೀಗೆ ಬೇಡವಾಗಿರಲಿಲ್ಲ. ಹುಡುಗನ ಕೆಲಸ ನೋಡಿ ಅವಳ ಅಪ್ಪ ಒಪ್ಪಿದ್ದರು. ಅವಳು ಒಪ್ಪಿದ್ದು ಆ ಪೆಟ್ಟಿಗೆಯ ದನಿ ಕೇಳಿ. ಇದನ್ನು ಮಾತ್ರ ಅವಳು ಗಂಡನ ಮುಂದೆ ಹೇಳಿರಲಿಲ್ಲ. ಹೇಳಿದರೆ ಗುಂಡಿ ಹತ್ತಕ್ಕೆ ಹೋಗುತ್ತದೆ!

ಹೀಗಿರುವಾಗ ಚನ್ನರಾಯಪಟ್ಟಣದ ಒಂದು ಸಣ್ಣ ಹಾಲಿನಲ್ಲಿ ನಿಶ್ಚಿತಾರ್ಥಕ್ಕೆ ನುಡಿಸಲು ಹೋದ ದೇವರಾಜ್ ಮೈಮರೆತು ಗುಂಡಿಯನ್ನು ಆರಕ್ಕೆ ತಿರುಗಿಸಿದ. ಟ್ಯೂಬ್‌ಲೈಟಿನ ಸ್ಟಾರ್ಟರ್ ಉದುರಿ ಪುರೋಹಿತರ ಪಂಚಪಾತ್ರೆಗೆ ಬಿತ್ತು. ಲಗ್ನಪತ್ರಿಕೆ ಓದುತ್ತಿದ್ದ ಅವರು ಬೆಚ್ಚಿಬಿದ್ದು, ಹುಡುಗನ ಗೋತ್ರವನ್ನೇ ಹುಡುಗಿಗೂ ಓದಿಬಿಟ್ಟರು. ಒಂದೇ ಗೋತ್ರವಂತೆ! ಎರಡೂ ಕಡೆಯ ಹಿರಿಯರು ತಾಂಬೂಲದ ತಟ್ಟೆ ಹಿಂದಕ್ಕೆ ಎಳೆದುಕೊಂಡು ಎದ್ದು ನಿಂತರು. ಅದನ್ನು ಸರಿಮಾಡಿ ಎಲ್ಲರನ್ನೂ ಕೂರಿಸುವಷ್ಟರಲ್ಲಿ ಊಟ ಆರಿಹೋಯಿತು. ಹಾಲಿನ ಮ್ಯಾನೇಜರು ಕೈಮುಗಿದ. "ಸಾ, ಇನ್ನೊಂದ್ ಸಲ ಈ ಪೆಟ್ಗೆ ಒಳಕ್ ತಂದ್ರೆ ನಾನು ಕೆಲ್ಸ ಬುಟ್ಟೋಯ್ತೀನಿ."

ಮನೆಗೆ ಬಂದ ದೇವರಾಜ್, ಮಗಳನ್ನು ಧಾರೆಯೆರೆದು ಕೊಡುವ ತಂದೆಯ ಮುಖ ಮಾಡಿಕೊಂಡು ಹೇಳಿದ: "ಇನ್ನೊಂದೇ ಪ್ರೋಗ್ರಾಮು ಅನು. ಅದೂ ಕೆಟ್ಟರೆ ಆಂಪ್ ಮಾರಿಬಿಡ್ತೀನಿ. ಸಣ್ಣ ಜಾಗಕ್ಕೆ ಇದು ಆಗಲ್ಲ."

ಆ ಒಂದು ಪ್ರೋಗ್ರಾಮು ಅರಕಲಗೂಡಿನಿಂದ ಬಂತು. ಅಲ್ಲಿ ಹಿಟ್ಟಿನ ಮಿಲ್ಲು ಇಟ್ಟಿರುವ ಗಂಗಯ್ಯನವರ ಮಗಳು ಶೋಭಿತಾಳ ಗಂಡು ಕೂಸಿಗೆ ನಾಮಕರಣ, ಮನೆಯ ಹಾಲಿನಲ್ಲೇ. ಗಂಗಯ್ಯನವರು ಫೋನಿನಲ್ಲಿ ಒಂದು ಷರತ್ತು ಹಾಕಿದರು.

"ಮ್ಯೂಸಿಕ್ ಇರ್ಬೇಕು ಸಾ, ನೆಂಟ್ರು ಮುಂದೆ ಮರ್ವಾದೆ ಪ್ರಶ್ನೆ. ಆದ್ರೆ ಕೂಸು ಮಾತ್ರ ಏಳ್ಬಾರ್ದು! ನಮ್ ಕೂಸು ಬಲೇ ಶಾಂತ, ಮಲಗಿದ್ರೆ ಮಲಗಿದ್ದಂಗೇ. ಆವತ್ತು ಮಿಲ್ಲೂ ನಿಲ್ಲುಸ್ಬುಡ್ತೀನಿ. ಸೂಜಿ ಬಿದ್ರೆ ಕೇಳ್ಬೇಕು, ಅಂಗಿರ್ಬೇಕು ಮನೆ."

ದೇವರಾಜ್ ಫೋನಿಟ್ಟು ಪೆಟ್ಟಿಗೆಯನ್ನೇ ನೋಡುತ್ತಾ ಕೂತ. ಆಗ ಅನುಶ್ರೀ ಎದ್ದು ನಿಂತಳು. ಮೇಜು ಗುದ್ದಬೇಕೆನಿಸಿತು. ಮಾನ್ಯ ಏಳುತ್ತಾಳೆಂದು ದಿಂಬು ಗುದ್ದಿದಳು!

"ನನಗೆ ಬಿಡಿ! ಸಾಸಿವೆಯ ಬಾಯನ್ನೇ ಮುಚ್ಚಿಸಿದವಳು ನಾನು, ನಿಮ್ಮ ಪೆಟ್ಟಿಗೆ ಯಾವ ಲೆಕ್ಕ? ನಿಮ್ಮ ಆರೂ ಇರುತ್ತೆ, ನಾದವೂ ಇರುತ್ತೆ, ಕೂಸೂ ಮಲಗಿರುತ್ತೆ. ಅದು ಎದ್ದರೆ ನನ್ನ ಹೆಸರು ಅನುಶ್ರೀ ಅಲ್ಲ!"

ಮರುದಿನದಿಂದಲೇ ಸಂಶೋಧನೆ ಆರಂಭ. ಮೊದಲು ಆಂಪನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು, ತಪ್ಪು ಮಾಡಿದ ಹುಡುಗನನ್ನು ಮೇಷ್ಟ್ರು ನಿಲ್ಲಿಸಿದ ಹಾಗೆ. ದೇವರಾಜ್ ಎರಡು ಸ್ವರ ನುಡಿಸುವಷ್ಟರಲ್ಲಿ ಗೋಡೆಯಾಚೆಯ ಶಾಂತಕುಮಾರಿಯವರು ಸೌಟು ಹಿಡಿದು ಬಾಗಿಲಿಗೆ ಬಂದರು. "ಏನ್ರೀ, ಗೋಡೆ ಕೊರೀತಾ ಇದೀರಾ? ನಮ್ಮ ಸ್ಟ್ಯಾಂಡಿನ ಲೋಟಗಳೆಲ್ಲ ಒಂದೊಂದೇ ಎದ್ದು ಬರ್ತಾ ಇವೆ!"

ಆಮೇಲೆ ಬಾಣಂತನದ ಪ್ರಯೋಗ. ಹೆರಿಗೆಯಾದಾಗ ತನ್ನನ್ನು ಹೇಗೆ ಸುತ್ತಿ ಮೂಲೆಯಲ್ಲಿ ಕೂರಿಸಿದ್ದರೋ, ಥೇಟ್ ಹಾಗೇ ಆಂಪಿಗೆ ಕಂಬಳಿ ಸುತ್ತಿದಳು, ಮೇಲೊಂದು ರಗ್ಗು ಹೊದಿಸಿದಳು, ತುದಿಗೆ ಉಲ್ಲನ್ ಸ್ಕಾರ್ಫು ಬಿಗಿದಳು. ಸದ್ದೇನೋ ತಗ್ಗಿತು. ಸ್ವಲ್ಪ ಹೊತ್ತಿಗೆ ಕುರಿ ಸುಟ್ಟ ವಾಸನೆ ಎದ್ದಿತು. ದೇವರಾಜ್ ಹಾರಿ ಬಂದು ಕಂಬಳಿ ಕಿತ್ತೆಸೆದ.

"ವಾಲ್ವುಗಳಿಗೆ ಗಾಳಿ ಬೇಕು ಕಣೆ! ಇದೇನು ಬಾಣಂತಿಯಾ?"

"ಬಾಣಂತಿಗೂ ಗಾಳಿ ಬೇಕಾಗಿತ್ತು ಕಣ್ರೀ. ಆವಾಗ ಎಲ್ಲಿದ್ರಿ ನೀವು?"

ದೇವರಾಜ್ ಕಂಬಳಿ ಮಡಚಿಟ್ಟ. ಆಮೇಲೆ ಗೌರೀಶ ಎಂಬ ಗೆಳೆಯನಿಂದ ಒಂದು ತಗ್ಗುಪೆಟ್ಟಿಗೆ ಎರವಲು ತಂದ. ಆಂಪಿಗೂ ಸ್ಪೀಕರಿಗೂ ನಡುವೆ ಅದನ್ನು ಸಿಕ್ಕಿಸಿದರೆ ಹೆಚ್ಚಿನ ಶಕ್ತಿಯನ್ನೆಲ್ಲ ಅದು ಕುಡಿದು ಬಿಸಿಯಾಗಿ ಕೂರುತ್ತದೆ, ಸ್ಪೀಕರಿಗೆ ಚೂರೇ ಚೂರು ಬಿಡುತ್ತದೆ. ಸದ್ದು ನಿಜವಾಗಿಯೂ ತಗ್ಗಿತು. ಆದರೆ ಅಷ್ಟು ತಗ್ಗಿಸಿದ ಮೇಲೆ ಗಿಟಾರು ಶೀತ ಹಿಡಿದವರು ಮೂಗು ಮುಚ್ಚಿಕೊಂಡು ಹಾಡಿದಂತೆ ಕೇಳಿಸಿತು. ಪೆಟ್ಟಿಗೆ ಕಾದ ಪರಿ ನೋಡಿ ಅನುಶ್ರೀ ಅದರ ಮೇಲೆ ಹಾಲಿನ ಪಾತ್ರೆ ಇಟ್ಟಳು. ಯಾವುದಕ್ಕಾದರೂ ಉಪಯೋಗವಾಗಲಿ!

"ಒಂದು ಕೆಲಸ ಮಾಡಿ. ಸ್ಪೀಕರಿನ ವೈರೇ ಕಿತ್ತುಬಿಡಿ. ಪೂರ್ತಿ ಶಾಂತಿ."

ದೇವರಾಜ್ ಎದೆ ಹಿಡಿದುಕೊಂಡ. "ಅಯ್ಯಯ್ಯೋ! ಸ್ಪೀಕರ್ ಇಲ್ಲದೆ ಇದನ್ನ ನುಡಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟೇ ಹೋಗುತ್ತೆ. ಒಳಗೆ ಹುಟ್ಟಿದ್ದು ಹೊರಗೆ ಬರಲೇಬೇಕು ಅನು. ಬಾಯಿ ಕಟ್ಟಿದರೆ ಒಳಗೊಳಗೇ ಬೆಂದು ಹೋಗುತ್ತೆ."

ಯಾಕೋ ಅನುಶ್ರೀಗೆ ಹೊಸ್ತಿಲಲ್ಲಿ ಬಟ್ಟೆಗಂಟು ಹಿಡಿದು ನಿಂತಿದ್ದ ಅತ್ತೆಯ ಮುಖ ನೆನಪಾಯಿತು. ಮೊಬೈಲು ಕೈಗೆತ್ತಿಕೊಂಡಳು. ಫ್ಯಾನಿನ ಸದ್ದು ಅಳೆದು ಇಟ್ಟಳು.

ಆ ಸಂಕಟದಲ್ಲಿ ಕಣ್ಣು ಹೋದದ್ದು ಉಗ್ರಾಣದ ಮೂಲೆಗೆ. ಅಲ್ಲಿ ಬೆಟ್ಟಮ್ಮನವರ ಗುಡಾಣ ಕೂತಿತ್ತು. ಸೊಂಟದೆತ್ತರದ, ಹೊಟ್ಟೆ ಡುಬ್ಬಗಿನ ಮಣ್ಣಿನ ಗುಡಾಣ. "ಊರಲ್ಲಿ ಇಲಿ ಕಾಟ, ನನ್ ಕಣ್ಮುಂದೇನೇ ಇರ್ಲಿ" ಎಂದು ವ್ಯಾನಿನಲ್ಲಿ ಹೇರಿಕೊಂಡು ಬಂದಿದ್ದರು. ಕೋಪದಲ್ಲಿ ಹೊರಟಾಗ ಬಸ್ಸಿಗೆ ಹೊರಲಾಗದೆ ಬಿಟ್ಟು ಹೋಗಿದ್ದರು. ಅನುಶ್ರೀ ಬಗ್ಗಿ ನೋಡಿದಳು. ಒಳಗೆ ಅರ್ಧದವರೆಗೆ ಬೂದಿ, ಬರೀ ಬೂದಿ.

"ರೀ! ಬೂದಿ! ಸದ್ದು ಹೀರಿಕೊಳ್ಳೋಕೆ ಇದಕ್ಕಿಂತ ಇನ್ನೇನು ಬೇಕು?"

"ಅಮ್ಮ ಬೂದಿ ಯಾಕೆ ತುಂಬಿಟ್ಟಿದಾಳೆ? ಒಂದು ಮಾತು ಕೇಳು."

ಕೇಳಬೇಕಾದರೆ ಫೋನು ಮಾಡಬೇಕಲ್ಲ! "ಬೂದಿ ಅಂದರೆ ಪಾತ್ರೆ ತೊಳೆಯೋಕೆ ಇರುತ್ತೆ ಬಿಡಿ" ಎಂದು ವಿದ್ಯಾವಂತೆ ನಿರ್ಧರಿಸಿದಳು.

ದೇವರಾಜ್ ಆಂಪಿನ ಪೆಟ್ಟಿಗೆಯಿಂದ ಸ್ಪೀಕರನ್ನು ಬಿಚ್ಚಿ, ಉದ್ದ ವೈರು ಜೋಡಿಸಿ, ಹಗ್ಗದಲ್ಲಿ ಗುಡಾಣದ ಬಾಯಿಂದ ಒಳಗೆ ಇಳಿಬಿಟ್ಟ. ಬಾಯಿಗೆ ಮಾನ್ಯಳ ಹಳೆಯ ಹತ್ತಿ ಹಾಸಿಗೆಯೇ ಮುಚ್ಚಳ. ಆಂಪ್ ಹೊರಗೆ ಗಾಳಿಯಲ್ಲಿ ಆರಾಮಾಗಿ ಕೂತಿತು. ಗುಂಡಿ ಆರಕ್ಕೆ! ಆಹಾ, ಬಾವಿಯ ತಳದಲ್ಲಿ ಯಾರೋ ಕೂತು ನುಡಿಸಿದ ಹಾಗೆ ಸಣ್ಣಗೆ, ದುಂಡಗೆ, ಸಿಹಿಯಾಗಿ ಸ್ವರ ಹೊರಬಂತು. ನಾದಕ್ಕೆ ನಾದ, ಮೌನಕ್ಕೆ ಮೌನ! ಆ್ಯಪ್ ಐವತ್ತೆಂಟು ತೋರಿಸಿತು. ಗಂಡ ಹೆಂಡತಿ ಇಬ್ಬರೂ ಕುಣಿದರು, ಕಾಲ್ತುದಿಯಲ್ಲಿ.

ಭಾನುವಾರ ನಟರಾಜುವಿನ ಓಮ್ನಿಯಲ್ಲಿ ಹಳೆ ಟೈರಿನ ಮೇಲೆ ಗುಡಾಣವನ್ನು ಕೂರಿಸಿಕೊಂಡು ದಂಡಯಾತ್ರೆ ಹೊರಟಿತು. ಅನುಶ್ರೀಯ ತೊಡೆ ಮೇಲೆ ನಿದ್ದೆಗೆಟ್ಟ ಮಾನ್ಯ. ಹಾಸನದಿಂದ ಅರಕಲಗೂಡಿನ ತನಕ ರಸ್ತೆಯ ಹಂಪುಗಳೂ ಗುಂಡಿಗಳೂ ತಮ್ಮ ಕರ್ತವ್ಯವನ್ನು ನಿಷ್ಠೆಯಿಂದ ಮಾಡಿದವು. ಮೊರದಲ್ಲಿ ಕೇರಿದ ಹಾಗೆ ಗುಡಾಣ ಕುಲುಕಿತು, ಮತ್ತೂ ಕುಲುಕಿತು. ಒಳಗೆ ಏನಾಗುತ್ತಿದೆ ಎಂದು ಯಾರೂ ನೋಡಲಿಲ್ಲ.

ಗಂಗಯ್ಯನವರ ಮನೆಯ ತುಂಬ ನೆಂಟರು. ಗೋಡೆಯ ಮೇಲೆ ಬುದ್ಧನ ಪಟಕ್ಕೂ ಮನೆದೇವರ ಪಟಕ್ಕೂ ಒಂದೇ ಮಾರು ಸೇವಂತಿಗೆ. ಹಾಲಿನ ನಡುವೆ ತೊಟ್ಟಿಲು, ತೊಟ್ಟಿಲಲ್ಲಿ ಮಲಗಿದ ಕೂಸು. ಮನೆಗೆ ಅಂಟಿಕೊಂಡಿದ್ದ ಮಿಲ್ಲು ಗುರ್ ಎನ್ನುತ್ತಲೇ ಇತ್ತು. "ಕಡೇ ಗಿರಾಕಿ ರಾಗಿ ಬೀಸಿ ನಿಲ್ಲುಸ್ಬುಡ್ತೀನಿ ಸಾ" ಎಂದರು ಗಂಗಯ್ಯ.

ಮಗುವಿನ ಹಳೇ ಹಾಸಿಗೆ ನೆಂಟರ ಕಣ್ಣಿಗೆ ಬೀಳಬಾರದೆಂದು ಅನುಶ್ರೀ ಗುಡಾಣದ ಬಾಯಿಯ ಮೇಲೆ ಒಂದು ಕೆಂಪು ರವಿಕೆ ಬಟ್ಟೆ ಹೊದಿಸಿದಳು. ಅಲ್ಲೇ ಎಡವಟ್ಟಾಯಿತು! ಕೆಂಪು ಬಟ್ಟೆ ಹೊದ್ದ ಮಣ್ಣಿನ ಗುಡಾಣ ನಾಮಕರಣದ ಮನೆಯಲ್ಲಿ ಇದ್ದರೆ ಹೆಂಗಸರು ಸುಮ್ಮನಿರುತ್ತಾರೆಯೇ? ಮೊದಲು ಬಂದವರು ಅರಿಶಿನ ಹಚ್ಚಿದರು. ಹಿಂದಿನವರು ಕುಂಕುಮ ಇಟ್ಟರು. ಅವರ ಹಿಂದಿನವರು ಹೂ ಮುಡಿಸಿದರು. ಅನುಶ್ರೀ "ಅದು ಸ್ಪೀಕರು, ಅದು ಸ್ಪೀಕರು" ಅನ್ನುತ್ತಿದ್ದಂತೆಯೇ ಯಾರೋ ನೆತ್ತಿಯ ಮೇಲೊಂದು ತೆಂಗಿನಕಾಯಿಯನ್ನೂ ಕೂರಿಸಿಬಿಟ್ಟರು. ಶೋಭಿತಾಳ ಅಜ್ಜಿ ದೂರದಿಂದಲೇ ಪರೀಕ್ಷಿಸಿ ತಲೆಯಾಡಿಸಿದರು.

"ಕಳಸವ ಬಾಗ್ಲಿಗೆ ಎದ್ರಾಗಿ ಮಡಗ್ತಾರೇನ್ರವ್ವ? ಎತ್ರಿ, ಈಶಾನ್ಯಕ್ ಮಡಗ್ರಿ!"

ನಾಲ್ವರು ಹೆಂಗಸರು ಗುಡಾಣಕ್ಕೆ ಕೈ ಹಾಕಿ ಎತ್ತಿಯೇಬಿಟ್ಟರು. ವೈರು ಬಿಗಿದು ನೆಟ್ಟಗಾಯಿತು. ಆಂಪ್ ಆನ್ ಆಗಿತ್ತು! "ವೈರು! ವೈರು!" ಎಂದು ದೇವರಾಜ್ ಬಾಯಿಬಡಿದುಕೊಂಡು, ಆಂಪನ್ನು ತಬ್ಬಿ ಗುಡಾಣದ ಹಿಂದೆಯೇ ತೆವಳುತ್ತಾ ಈಶಾನ್ಯ ದಿಕ್ಕಿಗೆ ಉದ್ದಕ್ಕೆ ಬಿದ್ದ.

ಅಜ್ಜಿ ಕೈಮುಗಿದರು. "ನೋಡ್ರವ್ವ ಭಕ್ತಿಯ! ಈಗಿನ್ ಕಾಲ್ದಾಗೆ ಯಾವ್ ಗಂಡ್ಸು ಇಂಗೆ ಅಡ್ಡಬೀಳ್ತಾನೆ?"

ಅಷ್ಟರಲ್ಲಿ ಕಡೆಯ ಗಿರಾಕಿಯ ರಾಗಿ ಮುಗಿಯಿತು. ಮಿಲ್ಲು ನಿಂತಿತು. ಮನೆಯಲ್ಲಿ ಸೂಜಿ ಬಿದ್ದರೆ ಕೇಳುವಂಥ ನಿಶ್ಶಬ್ದ. ಅನುಶ್ರೀ ತೃಪ್ತಿಯಿಂದ ಆ್ಯಪ್ ನೋಡಿಕೊಂಡಳು. ಇಂಥ ಅಂಕಿ ಅವಳ ಮನೆಯಲ್ಲೂ ಬಂದಿರಲಿಲ್ಲ! ದೇವರಾಜನಿಗೆ ಶುರುಮಾಡಿ ಎಂದು ಸನ್ನೆ ಮಾಡಲು ಕೈ ಎತ್ತಿದಳು.

"ಕ್ಯಾಂವ್!"

ಕೂಸು ಎದ್ದಿತು. ಎದ್ದದ್ದಷ್ಟೇ ಅಲ್ಲ, ಮುಷ್ಟಿ ಬಿಗಿದು, ಮುಖ ಕೆಂಪಗೆ ಮಾಡಿಕೊಂಡು, ಅರಕಲಗೂಡು ಕೋಟೆಯ ತನಕ ಕೇಳುವಂತೆ ಕಿರುಚಿತು. ಅದನ್ನು ಕೇಳಿ ಮಾನ್ಯಳೂ ಶ್ರುತಿ ಸೇರಿಸಿದಳು. ಗಂಗಯ್ಯನವರು ದೇವರಾಜನ ಮುಖ ನೋಡಿದರು.

"ಸಾ, ನೀವಿನ್ನೂ ಸುರೂನೇ ಮಾಡಿಲ್ವಲ್ಲ?"

"ಇಲ್ಲ ಗಂಗಯ್ಯೋರೆ, ತಂತಿ ಮುಟ್ಟೇ ಇಲ್ಲ!"

"ಯಾವತ್ತೂ ಇಂಗ್ ಅತ್ತಿಲ್ಲ ಕಣಪ್ಪ ಇವ್ನು" ಎಂದು ಶೋಭಿತಾ ಕೂಸನ್ನು ಎತ್ತಿಕೊಂಡು ಓಡಾಡಿದಳು. ದೃಷ್ಟಿಯಾಗಿದೆ ಎಂದರು ಒಬ್ಬರು. ಹೊಟ್ಟೆನೋವು ಎಂದರು ಇನ್ನೊಬ್ಬರು. ಅನುಶ್ರೀ ತನ್ನ ಬ್ರಹ್ಮಾಸ್ತ್ರ ತೆಗೆದಳು. ತುಟಿಯ ಮೇಲೆ ಬೆರಳಿಟ್ಟು ಇಡೀ ಹಾಲಿಗೆ "ಶ್‌ಶ್‌ಶ್" ಎಂದಳು. ನೆಂಟರೆಲ್ಲ ಉಸಿರು ಬಿಗಿಹಿಡಿದರು. ಮನೆ ಇನ್ನಷ್ಟು ನಿಶ್ಶಬ್ದವಾಯಿತು. ಕೂಸು ಇನ್ನಷ್ಟು ಜೋರಾಯಿತು!

ಮೂಲೆಯಲ್ಲಿ ನಿಂತಿದ್ದ ದೇವರಾಜ್ ಗಾಬರಿಯಲ್ಲಿ ಗಿಟಾರನ್ನು ಕೆಳಗಿಡಲು ಹೋದ. ಹೆಬ್ಬೆರಳು ಎಲ್ಲಕ್ಕಿಂತ ದಪ್ಪನೆಯ ತಂತಿಗೆ ತಾಗಿತು.

ಗುಂಯ್ಯ್ಯ್ಯ್...

ಗುಡಾಣದೊಳಗಿಂದ ಪ್ರಳಯವೇ ಎದ್ದು ಬಂತು. ಗಡಗಡಗಡ, ಪಟಪಟಪಟ, ಗುರ್ರ್ರ್! ತೆಂಗಿನಕಾಯಿ ಉರುಳಿತು. ಬೂದಿಯಡಿಯಲ್ಲಿ ಅಡಗಿ ಕೂತಿದ್ದವು, ರಸ್ತೆಯ ಗುಂಡಿಗಳು ಕುಲುಕಿ ಕುಲುಕಿ ಮೇಲೆ ತಂದಿದ್ದವು, ಅವರೆಕಾಳು! ಅರ್ಧ ಗುಡಾಣ ಅವರೆಕಾಳು! ದಪ್ಪ ತಂತಿ ಮಿಡಿದಂತೆಲ್ಲ ಅಷ್ಟೂ ಕಾಳು ಸ್ಪೀಕರಿನ ಕೆಳಗೆ ಹುಚ್ಚೆದ್ದು ಕುಣಿಯುತ್ತಿದ್ದವು. ಹಾಸಿಗೆಯ ಸಂದಿಯಿಂದ ಬೂದಿ ಬುಸ್ಸೆಂದು ಚಿಮ್ಮಿ ಹಾಲಿನ ತುಂಬ ಹರಡಿತು.

"ಬೂದಿ ಕೊಡ್ತಾವ್ಳೆ ತಾಯಿ!" ಅಜ್ಜಿ ಸೆರಗು ಒಡ್ಡಿದರು. ಬಿದ್ದ ಬೂದಿಯನ್ನು ಕೂಸಿನ ಹಣೆಗೆ ಹಚ್ಚಿ, ಮಾನ್ಯಳ ಹಣೆಗೂ ಹಚ್ಚಿ, ಉಳಿದದ್ದನ್ನು ದೇವರಾಜನ ಮುಖಕ್ಕೆ ಬಳಿದರು.

ಅನುಶ್ರೀ ಕಣ್ಣು ಮುಚ್ಚಿಕೊಂಡಳು. ಮುಗಿಯಿತು. ಆಂಪ್ ಮಾರಾಟ. ನಾದ ಮಾರಾಟ. ಹೆಸರು ಬದಲಾವಣೆ. ಗುಡಾಣದ ಗಡಗಡದ ನಡುವೆ ಏನೋ ಕಮ್ಮಿಯಾಗಿದೆ ಅನಿಸಿ ಒಂದೇ ಕಣ್ಣು ತೆರೆದಳು. ಶೋಭಿತಾಳ ತೋಳಿನಲ್ಲಿ ಕೂಸು ಬಾಯಿ ಕಳೆದುಕೊಂಡು ಮಲಗಿತ್ತು. ತನ್ನ ಹೆಗಲ ಮೇಲೆ ಮಾನ್ಯ ಜೊಲ್ಲು ಸುರಿಸುತ್ತಿದ್ದಳು!

ಗಂಗಯ್ಯನವರು ಕತ್ತು ಓರೆ ಮಾಡಿ ಕೇಳಿಸಿಕೊಂಡರು. ಆಮೇಲೆ ಹಣೆ ಚಚ್ಚಿಕೊಂಡರು.

"ಥತ್! ಇದು ನಮ್ ಮಿಲ್ಲಿನ ಸದ್ದು ಕಣ್ರಲಾ! ಕೂಸು ಉಟ್ದಾಗ್ಲಿಂದ ಮಿಲ್ಲಿನ್ ಗ್ವಾಡೆ ಪಕ್ಕದಾಗೇ ಮಲಗೈತೆ. ಸದ್ದು ನಿಂತೋಯ್ತಲ್ಲ, ಅದ್ಕೇ ಬಾಯ್ ಬಡ್ಕಂಡೈತೆ!"

"ಅಂಗಾರೆ ಮಿಲ್ಲೇ ಆಕ್ಬುಡಿ ಮಾವ" ಎಂದ ಕೂಸಿನ ಅಪ್ಪ ಧರ್ಮೇಂದ್ರ.

"ಎಲ್ಲಿ ಆಕ್ಲಪ್ಪ? ಮಿಲ್ಲಿನ್ ತ್ರೀ ಫೇಸ್ ಕರೆಂಟು ಈಗ ತಾನೇ ಓಯ್ತು, ಇನ್ನು ಸಂಜಿಕೇ ಬರದು! ಸಾ, ನೀವೇ ಗತಿ. ನಿಲ್ಲುಸ್ಬ್ಯಾಡಿ!"

ದೇವರಾಜ್ ಅಭ್ಯಾಸ ಮಾಡಿಕೊಂಡು ಬಂದಿದ್ದ ಮಧುರವಾದ ಮಟ್ಟನ್ನು ಸಣ್ಣ ತಂತಿಯಲ್ಲಿ ಎತ್ತಿಕೊಂಡ. ಕೂಸು ಹುಬ್ಬು ಗಂಟಿಕ್ಕಿತು. ಇಡೀ ಹಾಲು ಒಟ್ಟಿಗೆ ಕೂಗಿತು: "ದಪ್ಪುದ್ದು! ದಪ್ಪುದ್ ತಂತಿ ಸಾ!" ಪಾಪ, ಕಲಿತ ಮಟ್ಟುಗಳೆಲ್ಲ ಎಲೆಯ ತುದಿಯ ಉಪ್ಪಿನಂತೆ ಮುಟ್ಟದೆ ಉಳಿದವು. ಕೂಸಿನ ಕಿವಿಯಲ್ಲಿ ಹೆಸರು ಹೇಳಿದ್ದೂ ಒಂದೇ ತಂತಿಗೆ, ಹೋಳಿಗೆ ಬಡಿಸಿದ್ದೂ ಒಂದೇ ತಂತಿಗೆ. ಗುಡಾಣದ ಮುಂದೆ ಪಿಸುಗುಟ್ಟಿದರೆ ಯಾರಿಗೆ ಕೇಳಬೇಕು? ಹೆಸರನ್ನೂ ಕೂಗಿಯೇ ಇಡಬೇಕಾಯಿತು. ನಟರಾಜು ತಾಳ ಬಿಟ್ಟು ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂತ.

ಆದರೆ ದೇವರಾಜನ ಮುಖ ನೋಡಬೇಕಿತ್ತು! "ಇನ್ನೊಸಿ ಜೋರ್ ಮಾಡಿ ಸಾ" ಎಂದರು ಗಂಗಯ್ಯ. ಗುಂಡಿ ಏಳಕ್ಕೆ ಹೋಯಿತು. ಇಷ್ಟು ವರ್ಷ ಯಾವ ಹಾಲಿಗೆ ಹೋದರೂ "ತಗ್ಗಿಸಿ, ತಗ್ಗಿಸಿ" ಎಂದೇ ಕೇಳಿಸಿಕೊಂಡವನು ಅವನು. ಜೋರು ಮಾಡಿ ಎಂದ ಮೊದಲ ಪುಣ್ಯಾತ್ಮನ ಮುಂದೆ ಅವನ ಕಣ್ಣಲ್ಲಿ ನೀರು ತುಂಬಿತು. ಬೂದಿ ಬಿದ್ದಿದ್ದರೂ ಬಿದ್ದಿರಬಹುದು.

ಅನುಶ್ರೀ ತೊಟ್ಟಿಲ ಪಕ್ಕ ನಿಂತು ಅಭ್ಯಾಸಬಲದಿಂದ ಮೊಬೈಲು ತೆಗೆದಳು.

ಎಂಬತ್ನಾಲ್ಕು!

ಅಂಕಿಯನ್ನು ನೋಡಿದಳು. ಹೆಗಲ ಮೇಲಿನ ಮಗಳನ್ನು ನೋಡಿದಳು. ಮಾನ್ಯ ಹಗಲು ಹೊತ್ತು ಹೀಗೆ ಮೈಮರೆತು ಕೊನೆಯ ಸಲ ಮಲಗಿದ್ದು ಯಾವಾಗ? ಯೋಚಿಸಿದಳು, ಮತ್ತೂ ಯೋಚಿಸಿದಳು. ಬೆಟ್ಟಮ್ಮನವರು ಬಾಲ್ಕನಿಯಲ್ಲಿ ನಿಂತು ಸೊಪ್ಪಿನವಳನ್ನು ಕೂಗಿದ ಆ ಬೆಳಿಗ್ಗೆ! ಒಳಗೆ ತೊಟ್ಟಿಲಿನಿಂದ ಒಂದು ಕುಂಯ್ ಕೂಡ ಬಂದಿರಲಿಲ್ಲ, ಮಗು ಕಲ್ಲಿನಂತೆ ಮಲಗಿತ್ತು. ಇವಳು ಮೊಬೈಲು ನೋಡುತ್ತಿದ್ದಳೇ ಹೊರತು ತೊಟ್ಟಿಲು ನೋಡಿರಲಿಲ್ಲ.

ಸಂಜೆ ತ್ರೀ ಫೇಸು ಬಂತು, ಮಿಲ್ಲು ಶುರುವಾಯಿತು, ಗುಡಾಣಕ್ಕೆ ಬಿಡುಗಡೆ ಸಿಕ್ಕಿತು. ಅಜ್ಜಿ ಅನುಶ್ರೀಗೆ ಕಾಯಿ, ಎಲೆಯಡಿಕೆ, ಬಾಳೆಹಣ್ಣು ಮಡಿಲು ತುಂಬಿ ನೆಟಿಗೆ ಮುರಿದರು. "ಮಾರಾಯ್ತಿ, ನೀನು ಬರ್ದಿದ್ರೆ ನಮ್ ಮರ್ವಾದೆ ಓಗ್ತಿತ್ತು. ಗುಡಾಣದವ್ವ, ನಿನ್ ವಟ್ಟೆ ತಣ್ಣಗಿರ್ಲಿ!" ಮನೆಮಂದಿಯೆಲ್ಲ ಅದೇ ಹೆಸರು ಹಿಡಿದು ಬೀಳ್ಕೊಟ್ಟರು. ಕೂಸು ಎದ್ದರೆ ತನ್ನ ಹೆಸರು ಅನುಶ್ರೀ ಅಲ್ಲ ಅಂದಿದ್ದಳಲ್ಲ, ಮಾತು ಉಳಿಯಿತು!

ಗಂಗಯ್ಯನವರು ವ್ಯಾನಿನ ಕಿಟಕಿಗೆ ಬಗ್ಗಿದರು. "ಸಾ, ಚನ್ನರಾಯಪಟ್ಟಣದಾಗೆ ನನ್ ತಂಗಿ ಮಗ್ಳಿಗೂ ಕೂಸಾಗೈತೆ. ಮುಂದಿನ್ ತಿಂಗ್ಳು ಗುಡಾಣ ತಕಂಡ್ ಬಂದ್ಬುಡಿ."

"ಆಂಪ್ ಮಾರೋದು?" ಅನುಶ್ರೀ ಗಂಡನ ಕಿವಿಯಲ್ಲಿ ಕೇಳಿದಳು.

"ಯಾವ ಆಂಪು?" ಎಂದ ದೇವರಾಜನ ಬೂದಿ ಮುಖದಲ್ಲಿ ಹಲ್ಲು ಬೆಳ್ಳಗೆ ಹೊಳೆಯಿತು.

ವ್ಯಾನು ಹೊರಟಿತು. ಅನುಶ್ರೀಗೆ ಎಲ್ಲರ ಮೇಲೂ ಕೃತಜ್ಞತೆ ಉಕ್ಕಿ ಬಂತು. ತ್ರೀ ಫೇಸು ಕಿತ್ತುಕೊಂಡ ಕರೆಂಟಿನವರು ತಣ್ಣಗಿರಲಿ. ಗುಂಡಿ ಮುಚ್ಚದ ರಸ್ತೆಯವರು ನೂರು ವರ್ಷ ಬಾಳಲಿ. ಅವರೆಕಾಳೂ ದೊಡ್ಡದು, ಬೂದಿಯೂ ದೊಡ್ಡದು. ಆದರೆ ಅಷ್ಟು ದೊಡ್ಡ ಗುಡಾಣವನ್ನು ಹೊಳೆನರಸೀಪುರದಿಂದ ಹೊತ್ತು ತಂದವರು? ಅಲ್ಲಿಗೆ ಬಂದಾಗ ಅನುಶ್ರೀ ಹಿಂದಕ್ಕೆ ತಿರುಗಿ, ಟೈರಿನ ಮೇಲೆ ಕೂತಿದ್ದ ಗುಡಾಣವನ್ನು ನೋಡಿದಳು.

ಗೊರೂರು ದಾಟುತ್ತಿದ್ದಂತೆ ಮಾನ್ಯ ಎದ್ದಳು. ಎದ್ದವಳೇ ರಾಗ ತೆಗೆದಳು. ದೇವರಾಜ್ ಬಾಗಿಲು ಬಡಿದ, ನಟರಾಜು ಹಾರನ್ ಹೊಡೆದ, ಏನೂ ನಾಟಲಿಲ್ಲ. ಮಗುವಿಗೆ ಬೇಕಾಗಿದ್ದು ಯಾವ ಸದ್ದು ಎಂದು ಅನುಶ್ರೀಗೆ ಗೊತ್ತಿತ್ತು. ಮೊಬೈಲು ತೆಗೆದಳು. ಈ ಸಲ ಅಳೆಯಲಿಲ್ಲ. ಆ್ಯಪನ್ನು ಅಳಿಸಿ ಹಾಕಿ, ನಂಬರು ಒತ್ತಿ, ಸ್ಪೀಕರಿಗೆ ಹಾಕಿದಳು.

"ಅಲೋ... ಯಾರು?" ಕೇಳಿಸಿತೋ ಇಲ್ಲವೋ ಎನ್ನುವಂಥ ದನಿ.

"ಅತ್ತೆ, ನಾನು ಅನುಶ್ರೀ. ಯಾಕೆ ಇಷ್ಟು ಮೆತ್ತಗೆ? ಹುಷಾರಿಲ್ವಾ?"

"ಉಸಾರಾಗಿವ್ನಿ ಕಣವ್ವ" ಪಿಸುದನಿ ಹೇಳಿತು. "ನಿನ್ ಮಿಷನ್ನು ಇರ್ತದಲ್ಲ ಕೈಯಾಗೆ, ಅದ್ಕೇ. ನಾನೂವೆ ಮೆತ್ತುಗ್ ಮಾತಾಡದ ಕಲೀತಾ ಇವ್ನಿ. ಮಗೀನ ನೋಡಕ್ ಬರ್ಬೇಕಲ್ಲ ನಾನು."

ದೇವರಾಜ್ ಕಿಟಕಿಯಾಚೆ ನೋಡತೊಡಗಿದ. ಮಾನ್ಯ ಮಾತ್ರ ಅಳುತ್ತಲೇ ಇದ್ದಳು.

"ಮಿಷನ್ ತೆಗೆದು ಎಸೆದೆ ಅತ್ತೆ. ನಾಳೆ ಬೆಳಿಗ್ಗೇನೇ ಬನ್ನಿ. ಈಗ ದಯವಿಟ್ಟು ಜೋರಾಗಿ ಮಾತಾಡಿ!"

"ಏನಂತ ಮಾತಾಡ್ಲವ್ವ?" ಇನ್ನೂ ಪಿಸುದನಿಯೇ.

"ಏನಾದ್ರೂ! ಅತ್ತೆ, ನಿಮ್ಮ ಗುಡಾಣ ಅರಕಲಗೂಡಿಗೆ ಹೋಗಿತ್ತು. ಇವರು ಅದರೊಳಗೆ ಸ್ಪೀಕರ್ ಇಳಿಸಿದ್ರು. ಬೂದಿಯೆಲ್ಲ ಹಾರಿ ಹೋಯ್ತು, ಅವರೆಕಾಳೆಲ್ಲ ಕುಣಿದು ಕುಣಿದು ಸಿಪ್ಪೆ ಬಿಟ್ಟಿವೆ..."

ಆ ಕಡೆಯಿಂದ ಒಂದು ಕ್ಷಣ ಮೌನ. ಮಿಲ್ಲು ನಿಂತಾಗ ಇದ್ದಂಥದ್ದೇ ಮೌನ.

"ಅಯ್ಯೋ ನಿನ್ ಮನೆ ಕಾಯ್ವಾಗ! ಬಿತ್ನೆ ಅವರೆ ಕಣೇ ಅದು! ವರ್ಸುದ್ ಬಿತ್ನೆ! ಉಳ ಬೀಳ್ಬಾರ್ದು ಅಂತ ಬೂದಿ ಕಲ್ಸಿ ಮಡಗಿದ್ನಲ್ಲೇ! ಏಯ್ ದೇವ್ರಾಜ, ನೀನೂ ಅಲ್ಲೇ ಇದ್ದೀಯೇನ್ಲಾ? ನಿನ್ ಗಿಟಾರ್ಗೆ ಬೆಂಕಿ ಆಕ! ಬತ್ತೀನಿ ಇರು, ನಾಳಿಕ್ ಮೊದುಲ್ನೇ ಬಸ್ಗೇ ಬತ್ತೀನಿ!"

ಮೊಬೈಲು ಕೈಯಲ್ಲಿ ನಡುಗಿತು. ಹಿಂದೆ ಲಾರಿ ಬಂತೆಂದು ನಟರಾಜು ವ್ಯಾನನ್ನು ಪಕ್ಕಕ್ಕೆ ತೆಗೆದುಕೊಂಡ. ಮಾನ್ಯಳ ಅಳು ಅರ್ಧಕ್ಕೇ ನಿಂತಿತು. ಒಮ್ಮೆ ಬಿಕ್ಕಿದಳು, ಆಕಳಿಸಿದಳು, ಬೂದಿಯ ಹಣೆಯನ್ನು ಅಮ್ಮನ ಎದೆಗೆ ಒತ್ತಿ ಕಣ್ಣು ಮುಚ್ಚಿದಳು.

ಅನುಶ್ರೀ ಮೊಬೈಲನ್ನು ಮಗಳ ಕಿವಿಯ ಹತ್ತಿರ ಹಿಡಿದು, ಕಣ್ಣೊರೆಸಿಕೊಂಡು ಬೇಡಿಕೊಂಡಳು: "ಬಯ್ಯಿರಿ ಅತ್ತೆ, ನಿಲ್ಲಿಸಬೇಡಿ. ಹಾಸನ ಇನ್ನೂ ದೂರ ಇದೆ!"